ಮಳೆಗಾಲದಲ್ಲಿ ಉಪಗ್ರಹ ಕೇಳಿಸದಿದ್ದರೆ ಎಲ್ಲಿಂದ ಹುಡುಕಬೇಕು? ಕಾಸರಗೋಡಿನ ಹ್ಯಾಮ್ ಕೇಳುಗರಿಗೆ ದೋಷ ನಿವಾರಣೆ ಕೈಪಿಡಿ

ಜೂನ್ ಹಿಡಿದರೆ ಸಾಕು, ಮಂಜೇಶ್ವರದಿಂದ ಹೊಸದುರ್ಗದವರೆಗೆ ಉಪಗ್ರಹ ಕೇಳುವ ಹುಡುಗರ ಬಾಯಲ್ಲಿ ಒಂದೇ ಮಾತು: "ಮೋಡ ಮುಚ್ಚಿದೆ ಮಾವ, ಇವತ್ತು ಸ್ಯಾಟಲೈಟ್ ಸಿಗ್ಲಿಕ್ಕಿಲ್ಲ." ಆಂಟೆನಾ ಅಟ್ಟ ಸೇರುತ್ತದೆ. ಮತ್ತೆ ಕೆಳಗಿಳಿಯುವುದು ನವರಾತ್ರಿ ಕಳೆದ ಮೇಲೆ. ನಾಲ್ಕು ತಿಂಗಳು ಸುಮ್ನೆ ಹಾಳು.

ಹ್ಯಾಮ್ ಉಪಗ್ರಹಗಳು, ಅಂದರೆ ಹವ್ಯಾಸಿ ರೇಡಿಯೋದವರ ಉಪಗ್ರಹಗಳು, ಜಾಸ್ತಿ ಬಳಸುವುದು 145 ಮತ್ತು 435 ಮೆಗಾಹರ್ಟ್ಸ್ ಆಸುಪಾಸಿನ ಎರಡು ಬ್ಯಾಂಡ್‌ಗಳನ್ನು. ಆ ಅಲೆಗಳ ಉದ್ದ ಸುಮಾರು ಎರಡು ಮೀಟರ್ ಮತ್ತು 70 ಸೆಂಟಿಮೀಟರ್. ಮಳೆಹನಿ ಕೆಲವೇ ಮಿಲಿಮೀಟರ್ ದಪ್ಪ. ಇಷ್ಟು ಸಣ್ಣ ಹನಿ ಅಷ್ಟುದ್ದದ ಅಲೆಗೆ ಲೆಕ್ಕಕ್ಕೇ ಇಲ್ಲ. ಆಟಿ ತಿಂಗಳ ಜಡಿಮಳೆಯಲ್ಲೂ ಈ ಬ್ಯಾಂಡ್‌ಗಳಿಗೆ ಆಕಾಶ ತೆರೆದೇ ಇರುತ್ತದೆ. ಮಳೆ ಕೆಡಿಸುವುದು ಕೆಳಗಿನದನ್ನು: ಕನೆಕ್ಟರ್, ಕೇಬಲ್, ಹಂಚಿನ ಮಾಡು, ತೋಟದ ಸೊಪ್ಪು, ಮನೆಯ ಕರೆಂಟು. ಹಾಗಾಗಿ ಮೋಡ ನೋಡುವುದು ಬಿಟ್ಟು ಆಂಟೆನಾದಿಂದ ಕೆಳಗೆ ಹುಡುಕುತ್ತಾ ಬನ್ನಿ. 10 ಗಿಗಾಹರ್ಟ್ಸ್‌ನ ಡಿಶ್ ಮಾತ್ರ ಬೇರೆ. ಅದಕ್ಕೆ ಕೊನೆಯ ಕಡೆ ಒಂದು ಭಾಗವೇ ಇದೆ.

ಇಲ್ಲಿ ಹೇಳುವುದು ಬರೀ ಕೇಳುವ ವಿಷಯ. ನೀವು ಪ್ರಸಾರ ಮಾಡಬೇಕಾದರೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಳ್ಳಬೇಕು. ಇನ್ನೊಂದು ಮಾತು: ಏಣಿ ಮುಟ್ಟುವ ಮೊದಲು "ಟಪ್ ಟಪ್" ಎಂಬ ಸಿಡಿಲಿನ ಭಾಗವನ್ನು ಓದಿಕೊಳ್ಳಿ.

## "ಏನೂ ಇಲ್ಲ, ಬರೀ ಸುಯ್ ಎನ್ನುತ್ತದೆ"

ಇದಕ್ಕೆ ಮೊದಲ ತಪಾಸಣೆ ಮನೆಯೊಳಗೇ ಆಗುತ್ತದೆ, ಖರ್ಚೂ ಇಲ್ಲ.

ನೀವು ಹುಡುಕುವ ಉಪಗ್ರಹ ಬದುಕಿದೆಯಾ ಎಂದು ನೋಡಿ. ಹವಾಮಾನದ ಚಿತ್ರಕ್ಕಾಗಿ ಎಷ್ಟೋ ಜನ ಈಗಲೂ 137 ಮೆಗಾಹರ್ಟ್ಸ್‌ನಲ್ಲಿ ನೋವಾ 15, 18, 19ಕ್ಕೆ ಕಾಯುತ್ತಾರೆ. ಆ ಮೂರನ್ನೂ 2025ರಲ್ಲಿ ನಿಲ್ಲಿಸಿಯಾಗಿದೆ. ಆ ಬ್ಯಾಂಡ್‌ನಲ್ಲಿ ಈಗ ರಷ್ಯಾದ ಮೀಟಿಯೋರ್ ಉಪಗ್ರಹಗಳನ್ನು ಹುಡುಕಬೇಕು. ಅವುಗಳದ್ದು ಡಿಜಿಟಲ್ ಪ್ರಸಾರ, ಹಳೆಯ ಸಾಫ್ಟ್‌ವೇರ್ ನಡೆಯುವುದಿಲ್ಲ. ನಮ್ಮದೇ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿ, 2014ರಲ್ಲಿ ಮೌನವಾಯಿತು. ಹಳೆಯ ಪಟ್ಟಿಗಳಲ್ಲಿ ಅದರ ಹೆಸರು ಇನ್ನೂ ಇದೆ. 1974ರಲ್ಲಿ ಹಾರಿದ ಎಒ-7 ಎಂಬ ಹ್ಯಾಮ್ ಉಪಗ್ರಹದ ಬ್ಯಾಟರಿ ಸತ್ತಿದೆ, ಅದರ ಮೇಲೆ ಬಿಸಿಲು ಬಿದ್ದಾಗ ಮಾತ್ರ ಮಾತಾಡುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರೇಡಿಯೋವನ್ನು ಗಗನಯಾನಿಗಳು ಹೊರಗೆ ನಡೆಯುವಾಗ, ನೌಕೆ ಬಂದು ಸೇರುವಾಗ ಆಫ್ ಮಾಡುತ್ತಾರೆ. ಹ್ಯಾಮ್ ಉಪಗ್ರಹಗಳ ಸಂಘಟನೆಯಾದ ಆಮ್‌ಸ್ಯಾಟ್‌ನ ಸ್ಥಿತಿ ಪಟ್ಟಿಯಲ್ಲಿ ಅವತ್ತು ಬೇರೆಯವರಿಗೆ ಕೇಳಿಸಿದೆಯಾ ಎಂದು ನೋಡಿದರೆ ಅರ್ಧ ಅನುಮಾನ ಹೋಗುತ್ತದೆ.

ಆಮೇಲೆ ಹೊತ್ತು. ಉಪಗ್ರಹ ಯಾವಾಗ ಬರುತ್ತದೆ ಎಂದು ಹೇಳುವ ಆ್ಯಪ್ ತೋರಿಸುವ ಸಮಯ ಭಾರತದ್ದಾ, ಗ್ರೀನಿಚ್‌ನದ್ದಾ? ಐದೂವರೆ ಗಂಟೆಯ ವ್ಯತ್ಯಾಸ ಅಂದರೆ ಉಪಗ್ರಹ ಭೂಮಿಗೆ ಮೂರು ಸುತ್ತು ಹಾಕಿ ಹೋಗಿರುತ್ತದೆ. ಸ್ಥಳ ಸರಿಯಿದೆಯಾ? ಜಿಲ್ಲೆಯ ಎಲ್ಲ ಕಡೆಗೂ ಎಂಕೆ72 ಎಂಬ ಗ್ರಿಡ್ (ಹ್ಯಾಮ್‌ಗಳು ಜಾಗ ಗುರುತಿಸುವ ಚೌಕದ ಸಂಕೇತ) ಸಾಕು. ಆ್ಯಪ್‌ನಲ್ಲಿರುವ ಉಪಗ್ರಹದ ಕಕ್ಷೆಯ ಅಂಕಿಗಳನ್ನು ಅಪ್‌ಡೇಟ್ ಮಾಡಿದ್ದೀರಾ? ಬಾಹ್ಯಾಕಾಶ ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುತ್ತಾರೆ, ಹಾಗಾಗಿ ಅದರ ಅಂಕಿ ಬೇಗ ಹಳತಾಗುತ್ತದೆ.

ಉಪಗ್ರಹ ನಮ್ಮ ಆಕಾಶವನ್ನು ಒಂದು ಸಲ ದಾಟುವುದಕ್ಕೆ ಹಾದಿ ಎನ್ನುತ್ತೇವೆ. ನೆತ್ತಿಯ ಮೇಲಿನ ಹಾದಿಯನ್ನೇ ಮೊದಲು ಆರಿಸಿ. ನಿಲ್ದಾಣ ನೆತ್ತಿಯಲ್ಲಿದ್ದಾಗ ಸುಮಾರು 400 ಕಿಲೋಮೀಟರ್ ದೂರ. ಅಂಚಿನಲ್ಲಿದ್ದಾಗ 2,000ಕ್ಕೂ ಮೇಲೆ. ಸಿಗ್ನಲ್‌ನಲ್ಲಿ ಸುಮಾರು 15 ಡಿಬಿ (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ವ್ಯತ್ಯಾಸ ಅದರಿಂದಲೇ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಪಡುವಣ ಕಡೆ ಕಡಲು, ಏನೂ ಅಡ್ಡ ಇಲ್ಲ. ಮೂಡಣ ಕಡೆ ಗುಡ್ಡ, ಅದರಾಚೆ ಘಟ್ಟ. ಮುಳ್ಳೇರಿಯ, ಅಡೂರು ಕಡೆಯವರಿಗೆ ಮೂಡಣದಲ್ಲಿ 10 ಡಿಗ್ರಿ ಎತ್ತರದ ಹಾದಿ ಕೇಳಿಸದಿದ್ದರೆ ಅದು ದೋಷವೇ ಅಲ್ಲ.

ಇನ್ನು ರೇಡಿಯೋ. ಕ್ಷೀಣ ಸದ್ದನ್ನು ಮುಚ್ಚಿಬಿಡುವ ಸ್ಕ್ವೆಲ್ಚ್ ಪೂರ್ತಿ ತೆರೆದಿದೆಯಾ? ನಿಲ್ದಾಣದ ಮಾತು ಮತ್ತು ಚಿತ್ರಕ್ಕೆ 145.800, ಕೇಳಿದ ಮಾತನ್ನು ಮರುಪ್ರಸಾರ ಮಾಡುವ ಅದರ ರಿಪೀಟರ್‌ಗೆ 437.800, ಎಸ್‌ಒ-50 ಎಂಬ ಹ್ಯಾಮ್ ಉಪಗ್ರಹಕ್ಕೆ 436.795 ಮೆಗಾಹರ್ಟ್ಸ್. ಎಲ್ಲವೂ ಎಫ್‌ಎಂ.

ಎಲ್ಲ ಸರಿಯಿದ್ದರೂ ಮೌನವೇ? ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ಡಾಂಗಲ್ ಇರುವವರು ಆಂಟೆನಾ ಕೇಬಲನ್ನು ಕಿತ್ತು ಮತ್ತೆ ಹಾಕಿ ನೋಡಿ. ಪರದೆಯ ಮೇಲೆ ಸದ್ದಿನ ಮಟ್ಟ ಒಂಚೂರೂ ಅಲುಗಾಡದಿದ್ದರೆ ಮೇಲಿಂದ ಏನೂ ಕೆಳಗೆ ಬರುತ್ತಿಲ್ಲ ಎಂದರ್ಥ. ಮಂಗಳೂರಿನ ಎಫ್‌ಎಂ ನಿಲಯಗಳೂ ಕ್ಷೀಣವಾಗಿದ್ದರೆ ಕೇಬಲ್ ಅಥವಾ ಜೋಡಣೆ ಕೆಟ್ಟಿದೆ. ಆಂಟೆನಾ ಬುಡದಲ್ಲಿ ಸಿಗ್ನಲ್ ಹಿಗ್ಗಿಸುವ ಪ್ರಿ-ಆಂಪ್ಲಿಫಯರ್ ಇದ್ದರೆ ಅದಕ್ಕೆ ಕರೆಂಟ್ ಹೋಗುತ್ತಿದೆಯಾ ಎಂದೂ ನೋಡಿ. ಕಂಪ್ಯೂಟರ್ ಮರುಚಾಲೂ ಆದಾಗ ಕೇಬಲಿನ ಮೂಲಕವೇ ಅದಕ್ಕೆ ಕರೆಂಟ್ ಕಳಿಸುವ ಬಯಾಸ್-ಟೀ ತಾನಾಗಿ ಆಫ್ ಆಗುವುದು ಮಾಮೂಲು. ಕರೆಂಟ್ ಇಲ್ಲದ ಪ್ರಿ-ಆಂಪ್ ಸಿಗ್ನಲನ್ನು ದಾಟಿಸುವುದಿಲ್ಲ, ತಡೆಯುತ್ತದೆ.

## "ಬೇಸಗೆಯಲ್ಲಿ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ವಾರದಿಂದ ವಾರಕ್ಕೆ ಇಳಿಯುತ್ತಿದೆ"

ನಮ್ಮ ಊರಿನಲ್ಲಿ ಅತಿ ಜಾಸ್ತಿ ಕಾಣುವ ದೋಷ ಇದೇ. ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ಜಾಗ, ಜೊತೆಗೆ ಕಡಲಿನ ಉಪ್ಪುಗಾಳಿ.

ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ದಾರಿ ಸಿಕ್ಕಿದ ಹಾಗೆ. ಎರಡು ದಿನ ಬಿಸಿಲು ಬಂದರೆ ಸಿಗ್ನಲ್ ಪೂರ್ತಿ ಮರಳುತ್ತದೆಯಾ? ಮರಳಿದರೆ ನೀರು ಹೊರಗೆ ಕೂತಿತ್ತು. ಮರಳದಿದ್ದರೆ ನೀರು ಕೇಬಲಿನ ಒಳಗೆ ಹೋಗಿದೆ.

ಒಳಗೆ ಹೋಗುವುದು ಹೆಚ್ಚಾಗಿ ಆಂಟೆನಾ ಬುಡದ ಕನೆಕ್ಟರಿನಿಂದ. ಪಿಎಲ್-259 ಎಂಬ ದಪ್ಪ ಕನೆಕ್ಟರ್ ನೀರು ತಡೆಯುವಂಥದ್ದೇ ಅಲ್ಲ. ಬಿಎನ್‌ಸಿ, ಎಸ್‌ಎಂಎ ಎಂಬ ಸಣ್ಣ ಕನೆಕ್ಟರ್ ಕೂಡ ಹಾಗೇ ಬಿಟ್ಟರೆ ಉಳಿಯುವುದಿಲ್ಲ. ಹಿಂಬದಿಯ ಸಂದಿಯಿಂದ ಒಂದು ಹನಿ ಒಳಗೆ ಹೋಯಿತೋ, ತಾಮ್ರದ ನೇಯ್ಗೆ ಅದನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ಮೀಟರುಗಟ್ಟಲೆ ಕೆಳಗೆ ಇಳಿಯುತ್ತದೆ. ಹೊರಗಿನ ಕಪ್ಪು ಸಿಪ್ಪೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ಮಲ್ಟಿಮೀಟರ್. ಕೇಬಲಿನ ಎರಡೂ ತುದಿ ಕಳಚಿ. ಒಳತಂತಿಗೂ ಹೊರ ನೇಯ್ಗೆಗೂ ನಡುವೆ ಮೀಟರಿನ ಅತಿ ದೊಡ್ಡ ಓಮ್ಸ್ ಅಳತೆಯಲ್ಲಿ ನೋಡಿ. ಏನೂ ತೋರಿಸಬಾರದು. ಅಂಕಿ ಬಂದು ಅತ್ತಿತ್ತ ತೂಗಾಡುತ್ತಿದ್ದರೆ ಒಳಗೆ ತೇವ ಇದೆ. ಕೇಬಲನ್ನು ಆಂಟೆನಾದಿಂದ ಕಳಚದೆ ಅಳೆಯಬೇಡಿ. ಮಡಚಿದ ಡೈಪೋಲ್, ಗ್ಯಾಮಾ ಮ್ಯಾಚ್ ಎಂಬ ಜೋಡಣೆ ಇರುವ ಯಾಗಿಗಳಲ್ಲಿ (ಹಳೆಯ ಟಿವಿಯ ಕಡ್ಡಿ ಆಂಟೆನಾದಂಥವು) ಮೀಟರ್ ಶಾರ್ಟ್ ತೋರಿಸುವುದೇ ಸಹಜ. ಅದನ್ನು ಕೇಬಲಿನ ದೋಷ ಎಂದುಕೊಂಡು ಒಳ್ಳೆಯ ಕೇಬಲ್ ಬಿಸಾಡುವುದು ಬೇಡ.

ಮೀಟರ್ ಚೆನ್ನಾಗಿದೆ ಎಂದರೂ ಕೇಬಲ್ ಕೆಟ್ಟಿರಬಹುದು. ಹಾಗಾಗಿ ಮೇಲಿನ ತುದಿಯ ಕನೆಕ್ಟರ್ ಕತ್ತರಿಸಿ, ಬ್ಲೇಡಿನಿಂದ ಸಿಪ್ಪೆಯನ್ನು ಎರಡು ಬೆರಳುದ್ದ ಸೀಳಿ ನೋಡಿ. ಒಳ್ಳೆಯ ನೇಯ್ಗೆ ಹೊಸ ತಾಮ್ರದ ಬಣ್ಣದ್ದು ಅಥವಾ ತವರದ ಹೊಳಪಿನದ್ದು. ಕೆಟ್ಟದ್ದು ಮಂಕು ಕಂದು, ಆಮೇಲೆ ಕಪ್ಪು, ಕಡಲ ಹತ್ತಿರವಾದರೆ ಪುಡಿ ಪುಡಿ ಹಸಿರು. ಉಗುರಿನಿಂದ ಕೆರೆದರೆ ಬೆರಳಿಗೆ ಮಸಿ ಅಂಟುತ್ತದೆ. ಬಿಳಿ ಫೋಮನ್ನು ಹಿಂಡಿದಾಗ ತೇವ ಬಂದರೆ ಬೇರೆ ಸಾಕ್ಷಿ ಬೇಡ. ಒಂದೊಂದು ಅಡಿ ಕತ್ತರಿಸುತ್ತಾ ಹಿಂದೆ ಬನ್ನಿ. ಹೊಳೆಯುವ ತಾಮ್ರ ಸಿಕ್ಕಲ್ಲಿ ಹೊಸ ಕನೆಕ್ಟರ್ ಹಾಕಿ. ಎರಡು ಮೀಟರ್ ಕತ್ತರಿಸಿದ ಮೇಲೂ ಕಪ್ಪೇ ಇದ್ದರೆ ಆ ಕೇಬಲಿಗೆ ದುಡಿದದ್ದು ಸಾಕು, ಹೊಸತು ತನ್ನಿ.

ಹೊಸತು ಯಾವುದು? ಬರೀ ಕೇಳಲಿಕ್ಕಾದರೆ ಕೇಬಲ್ ಟಿವಿಯ ಆರ್‌ಜಿ-6 ಬೇಕಾದಷ್ಟು ಒಳ್ಳೆಯದು. ಬದಿಯಡ್ಕ, ಕುಂಬಳೆಯ ಡಿಟಿಎಚ್ ಅಂಗಡಿಯಲ್ಲೇ ಸಿಗುತ್ತದೆ. "ಅದು 75 ಓಮ್ ಅಲ್ವಾ, ರೇಡಿಯೋ 50 ಓಮ್ ಅಲ್ವಾ?" ಎಂದು ಕೇಳುತ್ತಾರೆ. ಆ ಹೊಂದಾಣಿಕೆ ತಪ್ಪಿದ್ದರಿಂದ ಆಗುವ ನಷ್ಟ ಒಂದು ಡಿಬಿಯ ಐದನೇ ಒಂದು ಭಾಗದಷ್ಟು. ಅದೇ ತೆಳುವಾದ ಆರ್‌ಜಿ-58 ಹತ್ತು ಮೀಟರಿನಲ್ಲಿ 435 ಮೆಗಾಹರ್ಟ್ಸ್‌ನ ಅರ್ಧಕ್ಕಿಂತ ಜಾಸ್ತಿ ಸಿಗ್ನಲನ್ನು ತಿಂದುಹಾಕುತ್ತದೆ. ಒಳ್ಳೆಯ ಆರ್‌ಜಿ-6ರಲ್ಲಿ ಡಿಬಿ ಲೆಕ್ಕದ ನಷ್ಟ ಅದರ ಅರ್ಧವೂ ಇಲ್ಲ.

ಜೋಡಣೆಗೆ ಸಾಮಾನ್ಯ ಇನ್ಸುಲೇಶನ್ ಟೇಪ್ ಒಂದೇ ಸುತ್ತಿದರೆ ಸಾಲದು, ಬಿಸಿಲಿಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎಳೆದು ಸುತ್ತಿದರೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಅದನ್ನು ಮೊದಲು ಸುತ್ತಿ, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ. ಸುತ್ತುವುದು ಕೆಳಗಿನಿಂದ ಮೇಲಕ್ಕೆ, ನೀರು ಸಂದಿಗೆ ಹೋಗದೆ ಜಾರಲಿ. ಕೇಬಲ್ ಮನೆಯೊಳಗೆ ಬರುವ ಮೊದಲು ಕಿಟಕಿಗಿಂತ ಕೆಳಗೆ ಒಂದು ಜೋಲು ಬಿಡಿ. ಹನಿ ಅಲ್ಲೇ ಬೀಳುತ್ತದೆ, ರೇಡಿಯೋವರೆಗೆ ಬರುವುದಿಲ್ಲ.

ಅಡಿಕೆ ತೋಟ ಇರುವವರಿಗೆ ಒಂದು ವಿಶೇಷ ಎಚ್ಚರಿಕೆ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಆಂಟೆನಾಕ್ಕೆ ಪ್ಲಾಸ್ಟಿಕ್ ಹೊದೆಸಿ, ಇಲ್ಲವೇ ಕೆಳಗಿಳಿಸಿ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಅದನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ಮದ್ದಿನಲ್ಲಿರುವ ಸುಣ್ಣವೂ ಅಲ್ಯೂಮಿನಿಯಂಗೆ ಆಗುವುದಿಲ್ಲ. ತಂತಿ ಸೇರುವ ಸ್ಕ್ರೂ ಬುಡದಲ್ಲಿ ಬಿಳಿ ಪುಡಿ ಕಂಡರೆ ಜೋಡಣೆ ಸವೆದಿದೆ. ಬಿಚ್ಚಿ, ಮರಳುಕಾಗದದಿಂದ ಉಜ್ಜಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

## "ಮಳೆ ಬರುವಾಗ ಮಾತ್ರ ಇಳಿಯುತ್ತದೆ, ನಿಂತು ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ"

ಇಲ್ಲಿ 145 ಮತ್ತು 435ನ್ನು ಹೋಲಿಸಿ ನೋಡಿ. 435 ಮಾತ್ರ ಜಾಸ್ತಿ ಇಳಿದಿದ್ದರೆ ಕಾರಣ ಒದ್ದೆ ಸೊಪ್ಪು ಅಥವಾ ಒದ್ದೆ ಹಂಚು. ಅಲೆ ಗಿಡ್ಡವಾದಷ್ಟೂ ಎಲೆಯಲ್ಲಿರುವ ನೀರು ಅದನ್ನು ಜಾಸ್ತಿ ಹೀರುತ್ತದೆ. ಅಡಿಕೆ ತೋಟದ ನಡುವಿನ ಅಂಗಳದಲ್ಲಿ ನಿಂತವರಿಗೆ ಸುತ್ತಲೂ ಒದ್ದೆ ಸೋಗೆ, ತೆಂಗಿನ ಮಡಲು. ಹಂಚಿನ ಮಾಡಿನ ಕೆಳಗೆ ಅಟ್ಟದಲ್ಲಿ ಆಂಟೆನಾ ಇಟ್ಟವರಿಗೆ ಪಾಚಿ ಹಿಡಿದು ನೀರು ಕುಡಿದ ಹಂಚು. ಎರಡಕ್ಕೂ ಮದ್ದು ಜಾಗ ಬದಲಿಸುವುದು. ತೋಟದಿಂದ ಮೇಲಿನ ಪದವಿಗೆ (ಗುಡ್ಡದ ಬಯಲಿಗೆ) ಹೋಗಿ ಕೈಯಲ್ಲಿ ಹಿಡಿಯುವ ಆಂಟೆನಾದಿಂದ ಕೇಳಿ ನೋಡಿ. ಬಾಯಾರು ಕಡೆಯವರಿಗೆ ಪೊಸಡಿಗುಂಪೆ ಗುಡ್ಡಕ್ಕಿಂತ ಒಳ್ಳೆಯ ಜಾಗ ಬೇಡ, ಆದರೆ ಗುಡುಗು ಇಲ್ಲದ ದಿನ ಮಾತ್ರ. ಅಲ್ಲಿ ಚೆನ್ನಾಗಿ ಕೇಳಿಸಿದರೆ ನಿಮ್ಮ ರೇಡಿಯೋ, ಆಂಟೆನಾ ಎರಡೂ ಸರಿ ಇವೆ.

ಎರಡೂ ಬ್ಯಾಂಡ್ ಒಟ್ಟಿಗೆ ಇಳಿದರೆ ಆಂಟೆನಾ ಜೋಡಣೆಯ ಮೇಲೆ ನೀರು ನಿಲ್ಲುತ್ತಿದೆ. ತಂತಿಯ ಎರಡು ತುದಿ ಸೇರುವಲ್ಲಿ ಮರದ ತುಂಡು ಬಳಸಿದ್ದರೆ ತೆಗೆದುಬಿಡಿ, ಒದ್ದೆ ಮರ ಕರೆಂಟನ್ನು ಹರಿಯಬಿಡುತ್ತದೆ. ಪಿವಿಸಿ ಪೈಪಿನ ತುಂಡು ಹಾಕಿ, ಅದಕ್ಕೊಂದು ಸಣ್ಣ ಡಬ್ಬಿಯ ಮುಚ್ಚಳ ಮಾಡಿ, ನೀರು ಇಳಿದುಹೋಗಲು ಅಡಿಯಲ್ಲಿ ತೂತು ಬಿಡಿ.

## "ಮಳೆ ಶುರುವಾದ ಕೂಡಲೇ ಗುರ್ ಎಂದು ಸದ್ದು, ಉಪಗ್ರಹ ಮುಳುಗಿಹೋಗುತ್ತದೆ"

ಸಿಗ್ನಲ್ ಇಳಿಯುವುದು ಬೇರೆ, ಗದ್ದಲ ಏರುವುದು ಬೇರೆ. ಕಿವಿಗೆ ಎರಡೂ ಒಂದೇ ಥರ ಕಾಣುತ್ತವೆ. ಡಾಂಗಲ್ ಪರದೆಯಲ್ಲಿ ತಳದ ಗೆರೆಯೇ ಮೇಲೆ ಬಂದಿದ್ದರೆ ಅದು ಗದ್ದಲ.

ನಮ್ಮಲ್ಲಿ ಇದರ ಕಥೆ ಹೀಗೆ. ಗಾಳಿ ಮಳೆ ಬರುತ್ತದೆ, ಮರದ ಗೆಲ್ಲು ಲೈನಿಗೆ ತಾಗುತ್ತದೆ, ಕರೆಂಟ್ ಹೋಗುತ್ತದೆ. ಇನ್ವರ್ಟರ್ ಚಾಲೂ ಆಗುತ್ತದೆ. ಅದರ ಗದ್ದಲ, ಅದರ ಮೇಲೆ ಓಡುವ ಎಲ್‌ಇಡಿ ಬಲ್ಬುಗಳ ಗದ್ದಲ, ಎರಡೂ ಸೇರಿ ಆಂಟೆನಾಕ್ಕೆ ಹೋಗುತ್ತದೆ. ಕೇಳುವವರು ಮಳೆಯನ್ನು ಬೈಯುತ್ತಾರೆ! ಪರೀಕ್ಷೆ ಸುಲಭ. ರೇಡಿಯೋವನ್ನು ಅದರ ಬ್ಯಾಟರಿಯಲ್ಲೇ ಇಟ್ಟುಕೊಂಡು ಇನ್ವರ್ಟರನ್ನು ಒಂದು ನಿಮಿಷ ಆಫ್ ಮಾಡಿ. ಗದ್ದಲ ನಿಂತರೆ ಕಳ್ಳ ಸಿಕ್ಕಿದ. ಆಂಟೆನಾವನ್ನು ಮನೆಯಿಂದ ಹತ್ತು ಮೀಟರ್ ದೂರ ಒಯ್ಯಿರಿ. ಲ್ಯಾಪ್‌ಟಾಪ್ ಚಾರ್ಜರ್, ಸೋಲಾರ್ ಕಂಟ್ರೋಲರ್, ಸೆಟ್‌ಟಾಪ್ ಬಾಕ್ಸ್, ಪಂಪಿನ ಡ್ರೈವ್ ಇವುಗಳನ್ನೂ ಒಂದೊಂದಾಗಿ ಆಫ್ ಮಾಡಿ ನೋಡಿ.

ಮನೆಯ ಮೈನ್ ಸ್ವಿಚ್ ತೆಗೆದರೂ ಗದ್ದಲ ಇದ್ದರೆ ಹೊರಗಿನ ಲೈನ್ ನೋಡಬೇಕು. ಬೇಸಗೆಯಲ್ಲಿ ಗರಗರ ಎನ್ನುತ್ತಿದ್ದದ್ದು ದೊಡ್ಡ ಮಳೆಗೆ ನಿಂತುಹೋದರೆ ಕಂಬದ ಸಡಿಲ ಜೋಡಣೆ. ಹನಿ ಮಳೆಗೆ ಶುರುವಾದರೆ ಉಪ್ಪು ಕೂತ ಇನ್ಸುಲೇಟರ್ ಮೇಲೆ ಕರೆಂಟ್ ಹರಿಯುತ್ತಿರಬಹುದು. ನೀವು ಮಾಡಬಹುದಾದ್ದು ಕಂಬದ ನಂಬರ್ ಬರೆದುಕೊಂಡು ಕೆಎಸ್‌ಇಬಿ ಸೆಕ್ಷನ್ ಆಫೀಸಿಗೆ ತಿಳಿಸುವುದು ಅಥವಾ 1912ಕ್ಕೆ ಫೋನ್ ಮಾಡುವುದು. ಕಂಬ ತಟ್ಟುವುದು, ಸ್ಟೇ ತಂತಿ ಅಲ್ಲಾಡಿಸುವುದು ಖಂಡಿತ ಬೇಡ.

## "ಟಪ್ ಟಪ್ ಎಂದು ಸಿಡಿಯುತ್ತದೆ"

ಪರದೆಯ ಈ ತುದಿಯಿಂದ ಆ ತುದಿಗೆ ಅಡ್ಡ ಗೆರೆ ಮಿಂಚಿ ಮಾಯವಾದರೆ ಅದು ಸಿಡಿಲು. ಗುಡುಗು ನಿಮಗೆ ಇನ್ನೂ ಕೇಳಿಸದೆ ಇರಬಹುದು. ಅಲ್ಲಿಗೇ ಕೇಳುವುದನ್ನು ನಿಲ್ಲಿಸಿ.

ಕಾಸರಗೋಡಿನಲ್ಲಿ ಜೂನ್-ಜುಲೈಯ ಸುರಿಮಳೆಗಿಂತ ಅಪಾಯದ್ದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಸಂಜೆಯ ಮಳೆ. ಮಧ್ಯಾಹ್ನದವರೆಗೆ ಬಿಸಿಲು, ನಾಲ್ಕು ಗಂಟೆಗೆ ಘಟ್ಟದ ಕಡೆ ಕಪ್ಪು, ಆಮೇಲೆ ಸಿಡಿಲು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇದ್ದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ದೂರ. ಅದಕ್ಕಿಂತ ಕಡಿಮೆಯಾದರೆ ನೀವು ಮನೆಯೊಳಗಿರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಬರಬೇಡಿ. ಕೇಬಲ್ ಕಳಚುವುದು ಮೋಡ ಕಟ್ಟುವ ಮೊದಲೇ ಆಗಬೇಕು. ಸಿಡಿಲಿನ ನಡುವೆ ಹೋಗಿ ಕಳಚುವುದು ಅತಿ ಕೆಟ್ಟ ಹೊತ್ತಿನಲ್ಲಿ ಕೈ ಹಾಕಿದ ಹಾಗಾಗುತ್ತದೆ. ರೇಡಿಯೋ ಹೋದರೆ ಹೋಗಲಿ. ಕಳಚಿದ ತುದಿಯನ್ನು ಕಿಟಕಿಯ ಹೊರಗೆ ಬಿಡಿ, ಮೇಜಿನ ಮೇಲೆ ಇಡಬೇಡಿ.

ಸಿಡಿಲಿನ ಮರುದಿನ ಎಲ್ಲ ಉಪಗ್ರಹಗಳೂ ಒಟ್ಟಿಗೆ ಕ್ಷೀಣವಾದರೆ ಪ್ರಿ-ಆಂಪ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಹತ್ತಿರ ಬಿದ್ದರೆ ಸಾಕು, ಆಂಟೆನಾಕ್ಕೇ ಹೊಡೆಯಬೇಕೆಂದಿಲ್ಲ. ಅದನ್ನು ಬಿಟ್ಟು ಕೇಬಲನ್ನು ನೇರ ಜೋಡಿಸಿ ನೋಡಿ. ಮೊದಲಿಗಿಂತ ಚೆನ್ನಾಗಿ ಕೇಳಿಸಿದರೆ ಪ್ರಿ-ಆಂಪ್ ಹೋಗಿದೆ.

## "ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ"

ಇದಕ್ಕೆ ಮಳೆ ಸಂಬಂಧವೇ ಇಲ್ಲ, ಆದರೂ ಬೈಗುಳ ಮಳೆಗೇ. ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಿ.

ಆರಂಭದಲ್ಲೂ ಕೊನೆಯಲ್ಲೂ ಸ್ಪಷ್ಟ, ನೆತ್ತಿಗೆ ಬಂದಾಗ ಮಾಯ. ನೀವು ನೆಟ್ಟಗೆ ನಿಂತ ಕೋಲಿನಂಥ ಆಂಟೆನಾ ಬಳಸುತ್ತಿದ್ದೀರಿ. ಅದಕ್ಕೆ ತನ್ನ ತುದಿಯ ನೇರಕ್ಕೆ ಏನೂ ಕೇಳಿಸುವುದಿಲ್ಲ. ಕೈ ರೇಡಿಯೋ ಆದರೆ ವಾಲಿಸಿ ಹಿಡಿಯಿರಿ. ಮಾಡಿನ ಮೇಲಿನದ್ದಾದರೆ ನೆತ್ತಿಯ ಕಡೆಗೂ ಕೇಳುವ ಟರ್ನ್‌ಸ್ಟೈಲ್ ಅಥವಾ ಕ್ಯುಎಫ್‌ಎಚ್ ಆಂಟೆನಾ ಮಾಡಿಕೊಳ್ಳಿ. ದುಬಾರಿ ಉದ್ದನೆಯ ಬಿಳಿ ಕೋಲು ಕೊಂಡವರಿಗೆ ಇದು ಇನ್ನೂ ಜಾಸ್ತಿ. ಅದರ ಶಕ್ತಿಯೆಲ್ಲ ನೆಲದ ಮಟ್ಟದಲ್ಲೇ ಹರಡಿರುತ್ತದೆ.

ಆರಂಭದಲ್ಲೂ ಕೊನೆಯಲ್ಲೂ ಒಡೆದ ಸದ್ದು, ನಡುವೆ ಮಾತ್ರ ಸ್ಪಷ್ಟ. ಇದು ಡಾಪ್ಲರ್. ಉಪಗ್ರಹ ಹತ್ತಿರ ಬರುವಾಗ ಫ್ರೀಕ್ವೆನ್ಸಿ ಏರಿರುತ್ತದೆ, ದೂರ ಹೋಗುವಾಗ ಇಳಿದಿರುತ್ತದೆ. 145ರಲ್ಲಿ ಮೂರೂವರೆ ಕಿಲೋಹರ್ಟ್ಸ್‌ವರೆಗೆ, ತಲೆ ಕೆಡಿಸಿಕೊಳ್ಳಬೇಡಿ. 437ರಲ್ಲಿ ಹತ್ತು ಕಿಲೋಹರ್ಟ್ಸ್‌ವರೆಗೆ. ನಿಲ್ದಾಣದ ರಿಪೀಟರ್‌ಗೆ 437.810ರಿಂದ ಶುರುಮಾಡಿ ಐದೈದು ಕಿಲೋಹರ್ಟ್ಸ್ ಇಳಿಸುತ್ತಾ 437.790ಕ್ಕೆ ಮುಗಿಸಿ. ಇದನ್ನು ರೇಡಿಯೋದ ಐದು ಮೆಮೊರಿಯಲ್ಲಿ ಇಟ್ಟುಕೊಂಡರೆ ಸುಲಭ. ಅಗ್ಗದ ಡಾಂಗಲ್ ಆದರೆ ಬಿಸಿಯಾದಂತೆ ಅದೂ ಜಾರುತ್ತದೆ. ಹತ್ತಿಪ್ಪತ್ತು ನಿಮಿಷ ಮೊದಲೇ ಚಾಲೂ ಮಾಡಿಡಿ.

ಹಾದಿಯ ಉದ್ದಕ್ಕೂ ನಿಧಾನವಾಗಿ ಏರಿಳಿತ. ಮಣಿಕಟ್ಟು ತಿರುಗಿಸಿ, ಯಾಗಿಯನ್ನು ಕಾಲು ಸುತ್ತು ಹೊರಳಿಸಿ. ಸಿಗ್ನಲ್ ಥಟ್ಟನೆ ಎದ್ದರೆ ಅದು ಧ್ರುವೀಕರಣದ, ಅಂದರೆ ಅಲೆ ಕಂಪಿಸುವ ದಿಕ್ಕಿನ, ವ್ಯತ್ಯಾಸ. ಉಪಗ್ರಹ ತಿರುಗುತ್ತಿರುತ್ತದೆ, ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರವಾದ ಅಯಾನುಗೋಳವೂ ಅಲೆಯನ್ನು ತಿರುಚುತ್ತದೆ. ಎಸ್‌ಒ-50 ಕೇಳುವಾಗ ಮಣಿಕಟ್ಟು ಸುಮ್ಮನಿರಲೇಬಾರದು.

ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ, ಅದೂ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಆಕಾಶ ಶುಭ್ರವಾಗಿದ್ದರೂ ಸಿಗ್ನಲ್ ಪಟಪಟ ನಡುಗುತ್ತದೆ. ಇದು ನಮ್ಮ ಅಕ್ಷಾಂಶದವರಿಗೆ ವಿಶೇಷವಾಗಿ ಸಿಗುವ ಅನುಭವ. ಭೂಮಿಯ ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ತುಂಬಾದಲ್ಲಿ ರಾಕೆಟ್ ಕೇಂದ್ರ ಶುರುವಾದದ್ದೂ ಅದಕ್ಕಾಗಿಯೇ. ಸೂರ್ಯ ಮುಳುಗಿದ ಮೇಲೆ ಈ ಭಾಗದ ಅಯಾನುಗೋಳದಲ್ಲಿ ಗುಳ್ಳೆಗಳೇಳುತ್ತವೆ, ಅವುಗಳನ್ನು ದಾಟುವಾಗ ಅಲೆ ಚದುರುತ್ತದೆ. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಜಾಸ್ತಿ. 145ಕ್ಕೆ ಹೊಡೆತ ಹೆಚ್ಚು, 435ಕ್ಕೆ ಕಡಿಮೆ. ಬೆಳಗಿನ ಹಾದಿಯಲ್ಲಿ ಅದೇ ಉಪಗ್ರಹ ಸ್ಥಿರವಾಗಿದ್ದರೆ ಆಂಟೆನಾ ಬಿಚ್ಚುವ ಅಗತ್ಯವಿಲ್ಲ.

## "ನಿಲ್ದಾಣದಿಂದ ಬಂದ ಚಿತ್ರ ವಾಲಿದೆ"

ನಿಲ್ದಾಣ ಸದ್ದಿನ ರೂಪದಲ್ಲಿ ಕಳಿಸುವ ಫೋಟೋ ಒಂದು ಕಡೆಗೆ ಓರೆಯಾದರೆ ಸೌಂಡ್ ಕಾರ್ಡಿನ ಗಡಿಯಾರದ ದೋಷ. ಆ್ಯಪ್‌ನಲ್ಲಿ ಸರಿಪಡಿಸಬಹುದು. ಮೇಲೆ ಕೆಳಗೆ ಮಾತ್ರ ಮಚ್ಚೆ ಗೆರೆ ಇದ್ದರೆ ಉಪಗ್ರಹ ಅಂಚಿನಲ್ಲಿತ್ತು ಅಷ್ಟೆ.

## "ಡಿಶ್‌ನಲ್ಲಿ ಕ್ಯುಒ-100 ಮಳೆಗೆ ಮಾಯ"

ಹೌದು, ಇಲ್ಲಿ ಮಳೆಯೇ ಕಾರಣ. 2018ರ ನವೆಂಬರಿನಲ್ಲಿ ಹಾರಿದ ಈ ಉಪಗ್ರಹ 10,489.5 ಮೆಗಾಹರ್ಟ್ಸ್‌ನಿಂದ ಮೇಲೆ ಮಾತಾಡುತ್ತದೆ. ಅಲೆಯ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ, ಮಳೆಹನಿ ಅದನ್ನು ನಿಜವಾಗಿಯೂ ತಿನ್ನುತ್ತದೆ. ಅದು ನಿಂತಿರುವುದು ಪೂರ್ವ ರೇಖಾಂಶ 25.9 ಡಿಗ್ರಿಯಲ್ಲಿ. ಕಾಸರಗೋಡಿನಿಂದ ದಿಕ್ಕು ಸುಮಾರು 259 ಡಿಗ್ರಿ, ಎತ್ತರ ಸುಮಾರು 32 ಡಿಗ್ರಿ. ಅಂದರೆ ಪಡುವಣ, ಕಡಲಿನ ಮೇಲೆ. ನಮಗೆ ಮುಂಗಾರು ಬರುವುದೂ ಆ ಕಡೆಯಿಂದಲೇ. ಮನೆಗೆ ಇನ್ನೂ ಒಂದು ಹನಿ ಬೀಳುವ ಮೊದಲೇ ಸಿಗ್ನಲ್ ಇಳಿಯಬಹುದು, ಯಾಕೆಂದರೆ ಮಳೆ ಆಗ ಕಡಲಿನ ಮೇಲಿದೆ.

ಕಾಯಿರಿ. ಮಳೆ ದಾಟಿದ ಮೇಲೂ ಮರಳದಿದ್ದರೆ ಡಿಶ್‌ನ ಎದುರು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮೂತಿಯ ಪ್ಲಾಸ್ಟಿಕ್ ಮುಚ್ಚಳ ನೋಡಿ. ಬಿಸಿಲಿಗೆ ಸೀಳಿ ಒಳಗೆ ನೀರು ಹೋಗಿರುತ್ತದೆ, ಒಮ್ಮೊಮ್ಮೆ ಕಣಜದ ಮಣ್ಣುಗೂಡೂ ಇರುತ್ತದೆ. ಆಮೇಲೆ ಡಿಶ್ ಅಲುಗಿದೆಯಾ ನೋಡಿ. ಅದರ ಮುಖ ಕಡಲಗಾಳಿಗೇ ಎದುರು, ಜೂನಿನ ಗಾಳಿಗೆ ಎರಡು ಡಿಗ್ರಿ ತಿರುಗಿದರೂ ಸಿಗ್ನಲ್ ಹೋಯಿತು. ಸರಿಯಾಗಿದ್ದಾಗಲೇ ಕಂಬದ ಮೇಲೆ ಪೇಂಟಿನಿಂದ ಗುರುತು ಹಾಕಿಡಿ. ಲಂಬ ಧ್ರುವೀಕರಣಕ್ಕೆ ಎಲ್‌ಎನ್‌ಬಿಗೆ 13 ವೋಲ್ಟ್ ಹೋಗಬೇಕು, ಅದನ್ನೂ ಅಳೆಯಿರಿ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ, ಸಂಜೆ ನಾಲ್ಕು-ನಾಲ್ಕೂವರೆಯ ಹೊತ್ತಿಗೆ ಕೆಲವು ನಿಮಿಷ ಗದ್ದಲ ಏರಿದರೆ ಸೂರ್ಯ ಉಪಗ್ರಹದ ಹಿಂದೆ ಬಂದಿದ್ದಾನೆ. ಏನೂ ಮುಟ್ಟಬೇಡಿ.

## ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಕೇಬಲಿನ ಹೊರಭಾಗ ಮುಟ್ಟಿದಾಗ ಕೈಗೆ ಜುಮ್ ಎಂದರೆ ಎಲ್ಲವನ್ನೂ ಪ್ಲಗ್ಗಿನಿಂದ ಕೀಳಿ. ಮನೆಯ ಅರ್ತ್ ಕೆಟ್ಟಿರಬಹುದು, ಚಾರ್ಜರ್ ಸೋರುತ್ತಿರಬಹುದು. ಲೈಸೆನ್ಸ್ ಇರುವ ವಯರ್‌ಮ್ಯಾನ್ ಬಂದು ನೋಡುವವರೆಗೆ ರೇಡಿಯೋ ಬೇಡ. ಆಂಟೆನಾ ಕಂಬದ ಅರ್ತ್ ತಂತಿಯನ್ನು ಮನೆಯ ಅರ್ತ್‌ಗೆ ಸೇರಿಸುವ ಕೆಲಸವನ್ನೂ ಅವರಿಂದಲೇ ಮಾಡಿಸಿ.

ಅಡಿಕೆ ಕೊಯ್ಯುವ ದೋಟಿಗೆ ಆಂಟೆನಾ ಕಟ್ಟಿ ಎತ್ತುವ ಆಸೆ ನಮ್ಮ ಹುಡುಗರಿಗೆ ಸಹಜ. ಅಲ್ಯೂಮಿನಿಯಂ ದೋಟಿ ಕರೆಂಟ್ ಹರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯೂ ಹರಿಸುತ್ತದೆ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಲೈನ್ ಹಾದುಹೋದ ತೋಟದಲ್ಲಿ ಅದನ್ನು ಎತ್ತಲೇಬೇಡಿ. ಕಂಬ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಒದ್ದೆ ಹಂಚಿನ ಮೇಲೆ, ಪಾಚಿ ಹಿಡಿದ ತಾರಸಿಯ ಮೇಲೆ ಒಬ್ಬರೇ ಹತ್ತಬೇಡಿ. ಹಾದಿ ಇವತ್ತು ತಪ್ಪಿದರೆ ನಾಳೆ ಇನ್ನೊಂದು ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ ಹತ್ತಿರದ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರ ಬಳಿ ಹೋಗಿ. ಆಂಟೆನಾ ಅಳೆಯುವ ಅನಲೈಸರ್ ಅವರಲ್ಲಿರುತ್ತದೆ. ಬರಿಗೈಯಲ್ಲಿ ಹೋಗಬೇಡಿ: ಕೇಳಿದ ಹಾದಿಗಳ ರೆಕಾರ್ಡಿಂಗ್, ಪ್ರತಿಯೊಂದಕ್ಕೂ ದಿನಾಂಕ, ಗಂಟೆ, ಉಪಗ್ರಹ, ಅತಿ ಎತ್ತರದ ಡಿಗ್ರಿ, ಯಾವ ದಿಕ್ಕಿನಲ್ಲಿ ಹೋಯಿತು, ಸೊಪ್ಪು ಒದ್ದೆಯಿತ್ತಾ ಒಣಗಿತ್ತಾ, ಕರೆಂಟ್ ಇತ್ತಾ ಇನ್ವರ್ಟರ್ ಓಡುತ್ತಿತ್ತಾ ಎಂದು ಬರೆದ ಒಂದು ಹಾಳೆ, ಮತ್ತು ಕೇಬಲಿನ ಮೇಲಿನ ತುದಿಯಿಂದ ಕತ್ತರಿಸಿದ ಒಂದು ಗೇಣು ತುಂಡು.